ಕಲ್ಲು, ಕಬ್ಬು, ಕೆಸರಿನ ಕೆಲಸಕ್ಕೆ ಗಟ್ಟಿ ವಾಚು ಆರಿಸುವುದು ಹೇಗೆ?

ಇಳಕಲ್ ಕಡೆಯ ಗ್ರಾನೈಟ್ ಖಣಿಗೆ ನಾನು ಕೆಲಸಕ್ಕೆ ಹೋದ ವರ್ಷ ಕಟ್ಟಿಕೊಂಡಿದ್ದ ವಾಚು ಮೂರೇ ತಿಂಗಳು ಬಾಳಿತು. ಮಿಷಿನ್ ಕೆಟ್ಟಿರಲಿಲ್ಲ, ಸೆಕೆಂಡಿನ ಮುಳ್ಳು ಓಡುತ್ತಲೇ ಇತ್ತು. ಆದರೆ ಗ್ಲಾಸಿನ ತುಂಬ ಗೆರೆ. ಮಧ್ಯಾಹ್ನದ ಬಿಸಿಲು ಬಿದ್ದರೆ ಅದು ಬೆಳ್ಳಗೆ ಹೊಳೆಯುವ ಬಿಲ್ಲೆ, ಅಷ್ಟೇ. ಗಂಟೆ ನೋಡಲು ಅಂಗೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಬೇಕಾಗಿತ್ತು. ಬಾಗಲಕೋಟೆಯಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಹಿಡಿದೆ. ಅವರು ಭೂತಗನ್ನಡಿ ಹಚ್ಚಿ ನೋಡಿ, "ತಮ್ಮಾ, ಇದನ್ನ ಮದುವಿ-ಮುಂಜಿವಿಗೆ ಕಟ್ಟಾಕ ಮಾಡ್ಯಾರ. ಕಲ್ಲಿನ ಕೆಲಸಕ್ಕ ಬ್ಯಾರೇನ ಬೇಕು" ಅಂದರು.

ಆಮೇಲೆ ಖಣಿಯಲ್ಲಿ, ಈಗ ಮುಧೋಳದ ಕಡೆಯ ನಮ್ಮ ಕಬ್ಬಿನ ಹೊಲದಲ್ಲಿ, ನನ್ನವೂ ನನ್ನ ಜೊತೆಗಾರರವೂ ಸೇರಿ ಬಹಳ ವಾಚು ಹಾಳಾದದ್ದನ್ನು ನೋಡಿದ್ದೇನೆ. ಒಂದು ಮಾತು ಖಾತ್ರಿಯಾಗಿದೆ: ಮಿಷಿನ್ ಕೆಡುವುದು ಕೊನೆಗೆ. ಮೊದಲು ಕೈಕೊಡುವುದು ಬೆಲ್ಟಿನ ಪಿನ್ನು, ಆಮೇಲೆ ಗ್ಲಾಸು, ಆಮೇಲೆ ಬೆಲ್ಟು, ಆಮೇಲೆ ಒಳಗೆ ಹೊಕ್ಕ ನೀರು. ಅಂಗಡಿಯಲ್ಲಿ ನಾವು ಕೇಳುವುದು ಮಾತ್ರ ಕಂಪನಿ ಯಾವುದು, ಮಿಷಿನ್ ಎಲ್ಲಿಯದು ಅಂತ. ಈ ಬರಹದಲ್ಲಿ ಆ ಸಾಲನ್ನು ತಿರುವಿ ಹಾಕಿ, ಯಾವುದು ಮೊದಲು ಕೆಡುತ್ತದೋ ಅದನ್ನೇ ಹೆಚ್ಚು ನೋಡಿದ್ದೇನೆ.

1. ಒಂದು ದಿನ ಬಟ್ಟೆಯ ಪಟ್ಟಿ ಕಟ್ಟಿ ನೋಡಿ

ವಾಚು ಕೊಳ್ಳುವ ಮುಂಚೆ ಒಂದು ದಿನ, ಹಳೆಯ ಬಿಳಿ ಬಟ್ಟೆಯಿಂದ ಎರಡು ಬೆರಳು ಅಗಲದ ಪಟ್ಟಿ ಹರಿದು ಮಣಿಕಟ್ಟಿಗೆ ಸುತ್ತಿಕೊಂಡು ಕೆಲಸ ಮಾಡಿ. ತಿರುಗುವ ಯಂತ್ರದ ಹತ್ತಿರ ಹೋಗುವುದಿದ್ದರೆ ಆಗ ಮಾತ್ರ ಬಿಚ್ಚಿಡಿ. ಸಂಜೆ ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹೊರಮಗ್ಗುಲು ಚಿಂದಿಯಾಗಿದೆಯೋ, ಒಳಮಗ್ಗುಲೋ? ಬೆವರಿನಿಂದ ಹಳದಿಯಾಗಿದೆಯೋ, ಎರೆ ಮಣ್ಣು ಮೆತ್ತಿದೆಯೋ, ಔಷಧದ ನೀಲಿ ಕಲೆ ಬಿದ್ದಿದೆಯೋ? ನಾನು ಹೀಗೆ ನೋಡಿದಾಗ ಖಣಿಯಲ್ಲಿ ಹೆಬ್ಬೆರಳಿನ ಕಡೆಯ ಅಂಚು ಎಳೆಎಳೆಯಾಗಿತ್ತು. ಉಳಿ ಹಿಡಿದ ಕೈಗೆ ಕಲ್ಲಿನ ಚಕ್ಕೆ ಸಿಡಿಯುವುದು ಅಲ್ಲಿಗೇ. ಕಬ್ಬಿನ ಹೊಲದಲ್ಲಿ ಹರಿದದ್ದು ಕೈಯ ಹಿಂಬದಿ, ರವದಿಯ (ಕಬ್ಬಿನ ಒಣ ಎಲೆಯ) ಅಂಚು ಗರಗಸದ ಹಾಗೆ ಎಳೆದಿತ್ತು. ನಿಮ್ಮ ವಾಚಿಗೆ ಏಟು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಆ ಪಟ್ಟಿಯಷ್ಟು ಚೆನ್ನಾಗಿ ಯಾವ ಅಂಗಡಿಯವನೂ ಹೇಳಲಾರ.

ಮಣಿಕಟ್ಟಿನ ಸುತ್ತಳತೆಯೂ ಅದರಿಂದಲೇ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಬೆಲ್ಟು ಕೊಳ್ಳುವಾಗ ಬೇಕಾಗುತ್ತದೆ.

2. ಕೈಗೆ ವಾಚೇ ಬೇಡದ ಕೆಲಸಗಳು

ಇದನ್ನು ಬರೆಯದೆ ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ. ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ, ರಾಶಿ ಮಿಷಿನ್, ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಓ ಶಾಫ್ಟು, ಕಂಪ್ರೆಸರಿನ ಬೆಲ್ಟು, ಲೇತು, ಗ್ರೈಂಡರ್ ಇವುಗಳ ಹತ್ತಿರ ಯಾವ ವಾಚನ್ನೂ ಕಟ್ಟಬೇಡಿ. ಗಟ್ಟಿ ವಾಚಾದಷ್ಟೂ ಅಪಾಯ ಹೆಚ್ಚು. ಮೆತ್ತನೆಯದು ಕಿತ್ತುಕೊಂಡು ಬರುತ್ತದೆ, ಗಟ್ಟಿಯದು ಕೈಯನ್ನೇ ಎಳೆದುಕೊಂಡು ಹೋಗುತ್ತದೆ.

ನಾನು ಒಮ್ಮೆ ಸ್ಟೀಲ್ ಚೈನಿನ ವಾಚು ಕಟ್ಟಿಕೊಂಡು ಟ್ರಾಲಿಯಿಂದ ಕೆಳಕ್ಕೆ ಜಿಗಿದೆ. ಹಗ್ಗ ಬಿಗಿಯುವ ಕೊಂಡಿಗೆ ಚೈನು ಸಿಕ್ಕಿತು. ಕಾಲು ನೆಲಕ್ಕೆ ತಾಗುವ ಮುಂಚೆ ಇಡೀ ಮೈಯ ಭಾರ ಆ ಒಂದು ಮಣಿಕಟ್ಟಿನ ಮೇಲೆ ಬಿತ್ತು. ಚೈನು ಹರಿಯಲಿಲ್ಲ, ಚರ್ಮ ಸುಲಿಯಿತು. ಬೆರಳು ಉಳಿದದ್ದು ದೊಡ್ಡ ಪುಣ್ಯ. ಅಂದಿನಿಂದ ಕೆಲಸಕ್ಕೆ ಚೈನು ಕಟ್ಟಿಲ್ಲ.

ಚೈನಿನದು ಇನ್ನೊಂದು ತೊಂದರೆಯಿದೆ. ಟ್ರ್ಯಾಕ್ಟರ್ ಬ್ಯಾಟರಿಯ ತುದಿ ಬಿಗಿಯುವಾಗ ಪಾನದ (ಸ್ಪ್ಯಾನರಿನ) ಮೇಲೂ ಇಂಜಿನ್ನಿನ ಮೈಮೇಲೂ ಚೈನು ಒಟ್ಟಿಗೆ ತಾಗಿದರೆ, 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಲೋಹ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವಾಗಲಂತೂ ಮೈಮೇಲೆ ಯಾವ ಲೋಹವೂ ಇರಬಾರದು. ಇಂಥ ಕೆಲಸದವರು ವಾಚನ್ನು ಗುಂಡಿ ಹಾಕುವ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ ಬುತ್ತಿಗಂಟಿನ ಹಿಡಿಗೆ ಕಟ್ಟಬಹುದು.

3. ಮುಳ್ಳಿನದೋ, ಅಂಕಿಯದೋ?

ಅಪ್ಪನ ಹತ್ತಿರ ಎಚ್‌ಎಂಟಿ ಜನತಾ ಇತ್ತು, ದಿನಾ ಬೆಳಿಗ್ಗೆ ಕೀಲಿ ಕೊಡುವಂಥದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಎಚ್‌ಎಂಟಿಯನ್ನು ನಮ್ಮ ಮನೆಗಳಲ್ಲಿ ಮನೆಯವರ ಹಾಗೇ ಕಾಣುತ್ತಿದ್ದರು. 2016ರಲ್ಲಿ ಅದರ ವಾಚು ವಿಭಾಗ ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿದ ಸುದ್ದಿ ಓದಿ ಅಪ್ಪ ಅವತ್ತು ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಅದೇ ಅಪ್ಪ ಆ ವಾಚನ್ನು ಸಂತೆಗೆ, ಊರಿಗೆ ಹೋಗುವಾಗ ಕಟ್ಟುತ್ತಿದ್ದರೇ ಹೊರತು ಕುಂಟೆ-ರಂಟೆ ಹಿಡಿಯುವಾಗ ಗೂಟಕ್ಕೆ ನೇತುಹಾಕುತ್ತಿದ್ದರು. ಅದು ಸರಿಯಾದ ನಡೆ. ಕೀಲಿಯ ವಾಚಿನೊಳಗೆ ಒಂದು ಪುಟ್ಟ ಚಕ್ರ ಹಗಲಿರುಳು ಹಿಂದೆ ಮುಂದೆ ತೂಗುತ್ತಿರುತ್ತದೆ, ಅದರ ಅಚ್ಚಿನ ತುದಿ ಕೂದಲೆಳೆಯಷ್ಟು ಸಣ್ಣದು. ಜಾಕ್ ಹ್ಯಾಮರ್ ನಿಮಿಷಕ್ಕೆ ಸುಮಾರು ಎರಡು ಸಾವಿರ ಏಟು ಹಾಕುತ್ತದೆ. ಆ ನಡುಕ ಮಣಿಕಟ್ಟಿಗೆ ಬಂದರೆ ತೂಗುವ ಲಯ ತಪ್ಪುತ್ತದೆ, ಸಣ್ಣ ಸ್ಕ್ರೂಗಳು ಸಡಿಲಾಗುತ್ತವೆ. ಆಟೊಮ್ಯಾಟಿಕ್ ವಾಚಿಗೂ ಇದೇ ಗತಿ. ಅದರಲ್ಲಿ ತಿರುಗುವ ಭಾರದ ಬಿಲ್ಲೆ ಬೇರೆ ಇರುತ್ತದೆ. ಅಪ್ಪನ ನೆನಪಿನ ವಾಚಿದ್ದರೆ ಗೂಟದ ಮೇಲೆಯೇ ಇರಲಿ.

ಸೆಲ್ಲಿನ ವಾಚಿನಲ್ಲಿ ಕಾಲ ಅಳೆಯುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಚೂರು. ಅದಕ್ಕೆ ಜಾಕ್ ಹ್ಯಾಮರಿನ ನಡುಕ ದೊಡ್ಡದಲ್ಲ. ಸೆಲ್ಲಿನ ವಾಚಿನಲ್ಲೇ ಮುಳ್ಳಿನದಕ್ಕೆ ಹಲ್ಲುಚಕ್ರ, ಪುಟ್ಟ ಮೋಟರು ಇರುತ್ತವೆ. ಜೋರಾಗಿ ಏಟು ಬಿದ್ದರೆ ಮುಳ್ಳು ಸಡಿಲಾಗಿ ಜಾರುತ್ತದೆ. ಅಂಕಿಯ ವಾಚಿನಲ್ಲಿ ಗುಂಡಿ ಬಿಟ್ಟರೆ ಅಲುಗಾಡುವ ಭಾಗವೇ ಇಲ್ಲ. ಕಲ್ಲು ಒಡೆಯುವವರಿಗೆ, ಡ್ರಿಲ್ ಹಿಡಿಯುವವರಿಗೆ ನಾನು ಎರಡು ಮಾತಿಲ್ಲದೆ ಅಂಕಿಯ ವಾಚನ್ನೇ ಹೇಳುತ್ತೇನೆ.

ಬೆಳಗಾವಿಯ ಉದ್ಯಮಬಾಗ್ ಕಡೆ ಫೌಂಡ್ರಿಯಲ್ಲಿ ದುಡಿಯುವವರಿಗೆ ಇನ್ನೊಂದು ಕಾರಣವೂ ಇದೆ, ಅಯಸ್ಕಾಂತ. ಕಬ್ಬಿಣ ಎತ್ತುವ ಮ್ಯಾಗ್ನೆಟ್ಟಿನ ಹತ್ತಿರ ಹೋದರೆ ಸೆಲ್ಲಿನ ಮುಳ್ಳಿನ ವಾಚು ನಿಲ್ಲುತ್ತದೆ, ದೂರ ಬಂದರೆ ಮತ್ತೆ ಓಡುತ್ತದೆ. ಆದರೆ ನಿಂತಷ್ಟು ಹೊತ್ತು ಹಿಂದೆ ಬಿದ್ದಿರುತ್ತದೆ. ಕೀಲಿಯ ವಾಚಿಗೆ ಹಿಡಿದ ಕಾಂತ ಹಾಗೇ ಉಳಿದು ಅದು ಓಡೋಡಿ ಮುಂದೆ ಹೋಗುವುದುಂಟು. ಅಂಕಿಯ ವಾಚಿಗೆ ಇದರ ಕಾಟವಿಲ್ಲ. ಅದಕ್ಕೆ ಆಗದಿರುವುದು ಕುಲುಮೆಯ ಝಳ. ವಿಪರೀತ ಕಾದರೆ ಫಲಕ ಕಪ್ಪಾಗುತ್ತದೆ, ತಣಿದ ಮೇಲೆ ಅಂಕಿ ಮರಳಿ ಬರುತ್ತವೆ. ಏಪ್ರಿಲ್ ಬಿಸಿಲಲ್ಲಿ ಟ್ರ್ಯಾಕ್ಟರಿನ ಬಾನೆಟ್ ಮೇಲೆ ವಾಚು ಬಿಚ್ಚಿಟ್ಟರೂ ಹೀಗಾಗಬಹುದು.

ಆದರೆ ನಮ್ಮ ಕಾಕಾನಂಥ ಹಿರಿಯರಿಗೆ ಮುಳ್ಳೇ ಕಣ್ಣಿಗೆ ಹತ್ತುವುದು. "ದೊಡ್ಡ ಮುಳ್ಳು ಎಲ್ಲೈತಿ ಅಂತ ನೋಡಿದ್ರ ಸಾಕು, ಅಂಕಿ ಓದೂ ಹೊತ್ತಿಲ್ಲ" ಅಂತಾನೆ. ನೀರು ಹಾಯಿಸುವ, ದನ ಕಾಯುವ ಕೆಲಸಕ್ಕೆ ಮುಳ್ಳಿನ ವಾಚು ಧಾರಾಳವಾಗಿ ಸಾಕು. ಅಂಕಿಯದನ್ನೇ ಕೊಳ್ಳುವುದಾದರೆ ಬೂದು ಹಿನ್ನೆಲೆಯಲ್ಲಿ ಕಪ್ಪು ಅಂಕಿಯದನ್ನು ತೆಗೆದುಕೊಳ್ಳಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿಯದು ಅಂಗಡಿಯ ದೀಪದಲ್ಲಿ ಚೆಂದ ಕಾಣುತ್ತದೆ, ಹೊಲದಲ್ಲಿ ಕಾಣುವುದೇ ಇಲ್ಲ.

4. ಗ್ಲಾಸು: ನಿಮ್ಮ ಊರಿನ ಕಲ್ಲು ಯಾವುದು?

ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎರಡು ವಾಚಿನ ದುಡ್ಡು ಉಳಿಯುತ್ತಿತ್ತು.

ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಹೇಳುತ್ತಾರೆ. ಹೆಚ್ಚು ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ, ಇಷ್ಟೇ ನಿಯಮ. ವಾಚಿನ ಮಾಮೂಲಿ ಮಿನರಲ್ ಗ್ಲಾಸು ಸುಮಾರು 5.5ರಿಂದ 6. ಗ್ರಾನೈಟಿನಲ್ಲಿ ಇರುವ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಸ್ 7. ಅಂದರೆ ಇಳಕಲ್ಲಿನ ಖಣಿಯಲ್ಲಿ ಹಾರುವ ಧೂಳಿನಲ್ಲಿ ನಿಮ್ಮ ಗ್ಲಾಸಿಗಿಂತ ಗಡಸಾದ ಕಣಗಳು ಬೇಕಾದಷ್ಟಿವೆ. ನಾವು ಏನು ಮಾಡುತ್ತೇವೆ? ಧೂಳು ಕೂತ ಗ್ಲಾಸನ್ನು ಅಂಗಿಯ ತೋಳಿನಿಂದ ಉಜ್ಜಿ ಒರೆಸುತ್ತೇವೆ. ಅದು ಉಸುಕು ಕಾಗದದಿಂದ ತಿಕ್ಕಿದ ಹಾಗೇ. ನನ್ನ ಮೊದಲ ವಾಚನ್ನು ಕಲ್ಲು ಕೆಡಿಸಲಿಲ್ಲ, ನನ್ನ ತೋಳೇ ಕೆಡಿಸಿತು. ಧೂಳನ್ನು ಊದಬೇಕು, ಇಲ್ಲವೇ ನೀರು ಹನಿಸಿ ತೊಳೆಯಬೇಕು, ಒಣಗಿದ್ದನ್ನು ಉಜ್ಜಲೇಬಾರದು.

ಬಾದಾಮಿ, ಗುಳೇದಗುಡ್ಡದ ಕಡೆಯ ಕೆಂಪು ಮರಳುಗಲ್ಲೂ ಹೀಗೇ, ಅದರ ಮರಳು ಬಹುಪಾಲು ಕ್ವಾರ್ಟ್ಸ್. ಬಾಗಲಕೋಟೆ, ಲೋಕಾಪುರದ ಸುಣ್ಣಕಲ್ಲಿನದು ಬೇರೆ ಮಾತು. ಅದರ ಮುಖ್ಯ ಖನಿಜ ಕ್ಯಾಲ್ಸೈಟಿನ ಗಡಸುತನ 3 ಮಾತ್ರ, ಗ್ಲಾಸಿಗೆ ಅದರ ಪುಡಿಯ ಭಯ ಕಡಿಮೆ. ಅಲ್ಲಿ ತೊಂದರೆ ಕೊಡುವುದು ಆ ಪುಡಿ ಬೆವರಿಗೆ ಸೇರಿ ಗುಂಡಿಯ ಸಂದಿಯಲ್ಲಿ ಗಾರೆಯ ಹಾಗೆ ಗಟ್ಟಿಯಾಗುವುದು. ಆದ್ದರಿಂದ ಸುಣ್ಣಕಲ್ಲಿನ ಖಣಿಯಲ್ಲಿ ದುಡಿಯುವವರು ಗ್ಲಾಸಿಗೆ ಹೆಚ್ಚು ದುಡ್ಡು ಹಾಕಬೇಕಿಲ್ಲ, ಗುಂಡಿ ಕಡಿಮೆ ಇರುವ ವಾಚು ನೋಡಿದರೆ ಆಯಿತು.

ಗ್ಲಾಸಿನಲ್ಲಿ ಮೂರು ಬಗೆ. ಪ್ಲಾಸ್ಟಿಕ್ ಅಂದರೆ ಅಕ್ರಿಲಿಕ್ ಬೇಗ ಗೀರುತ್ತದೆ ನಿಜ, ಆದರೆ ಸುತ್ತಿಗೆ ಜಾರಿ ಬಿದ್ದರೂ ಚೂರಾಗುವುದು ಅಪರೂಪ. ಗೆರೆ ಬಿದ್ದಾಗ ಬಿಳಿ ಟೂತ್‌ಪೇಸ್ಟು ಹಚ್ಚಿ ಹತ್ತಿ ಬಟ್ಟೆಯಿಂದ ಹತ್ತು ನಿಮಿಷ ಸುತ್ತಿಸುತ್ತಾ ತಿಕ್ಕಿದರೆ ಸಣ್ಣ ಗೆರೆಗಳು ಮಾಯುತ್ತವೆ. ಮಿನರಲ್ ಗ್ಲಾಸು ನಡುವಿನದು, ಗೆರೆ ಬಿದ್ದರೆ ತಿಕ್ಕಿ ತೆಗೆಯಲು ಬರುವುದಿಲ್ಲ, ಬದಲಿಸಬೇಕು. ಸಫೈರ್ ಗಡಸುತನ 9, ಗ್ರಾನೈಟ್ ಧೂಳಿಗೆ ಜಗ್ಗುವುದಿಲ್ಲ. ಆದರೆ ಗಡಸಾದದ್ದು ಪೆಡಸೂ ಹೌದು. ಅಂಚಿಗೆ ನೇರ ಏಟು ಬಿದ್ದರೆ ಒಡೆಯಬಹುದು, ಬೆಲೆಯೂ ಹೆಚ್ಚು. ಧೂಳಿನ ನಡುವೆ ನಿಂತು ಮಿಷಿನ್ ನೋಡಿಕೊಳ್ಳುವವರಿಗೆ ಸಫೈರ್ ಒಪ್ಪುತ್ತದೆ. ಸುತ್ತಿಗೆ, ಹಾರೆ ಹಿಡಿಯುವವರಿಗೆ ಪ್ಲಾಸ್ಟಿಕ್ ಇಲ್ಲವೇ ಒಳಕ್ಕೆ ಕೂತ ಮಿನರಲ್ ಗ್ಲಾಸೇ ಮೇಲು.

ಒಳಕ್ಕೆ ಕೂತದ್ದೋ ಅಲ್ಲವೋ ನೋಡುವುದು ಸುಲಭ. ಒಂದು ಗಟ್ಟಿ ಚೀಟಿಯ ನೇರ ಅಂಚನ್ನು ವಾಚಿನ ಮುಖದ ಮೇಲೆ ಅಡ್ಡಲಾಗಿ ನಿಲ್ಲಿಸಿ. ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಚೀಟಿಗೂ ಗ್ಲಾಸಿಗೂ ನಡುವೆ ಸಂದಿ ಕಂಡರೆ ಸುತ್ತಲಿನ ಅಂಚು ಗ್ಲಾಸಿಗಿಂತ ಎತ್ತರಕ್ಕಿದೆ ಎಂದರ್ಥ. ಬಂಡೆಗೆ ಕೈ ತಾಗಿದಾಗ ಏಟು ತಿನ್ನುವುದು ಆ ಅಂಚು.

ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಈಗ ಅಳತೆಗೆ ಕತ್ತರಿಸಿ ಅಂಟಿಸುವ ಪೊರೆ ಸಿಗುತ್ತದೆ. ವಾಚಿನ ಗ್ಲಾಸಿಗೂ ಹಾಕಿಸಬಹುದು. ಗ್ಲಾಸು ಸಮತಟ್ಟಾಗಿದ್ದರೆ ಮಾತ್ರ ಕೂರುತ್ತದೆ. ಗೆರೆ ತುಂಬಿದ ಮೇಲೆ ಕಿತ್ತು ಹೊಸದು ಹಾಕಿಸಿದರೆ ಆಯಿತು. ಖಣಿಯಲ್ಲಿ ಇದರಷ್ಟು ಅಗ್ಗದ, ಉಪಯೋಗದ ಕೆಲಸ ಬೇರೊಂದಿಲ್ಲ.

ಕಳೆ ತೆಗೆಯಲು, ದ್ರಾಕ್ಷಿ ಬಿಡಿಸಲು ಹೋಗುವ ಅಕ್ಕ-ತಂಗಿಯರಿಗೆ ಒಂದು ಮಾತು: ಬಳೆಯಿರುವ ಕೈಗೆ ವಾಚು ಕಟ್ಟಿದರೆ ಗಾಜಿನ ಬಳೆಯೂ ವಾಚಿನ ಗ್ಲಾಸೂ ಹೆಚ್ಚುಕಡಿಮೆ ಒಂದೇ ಗಡಸು, ದಿನವಿಡೀ ಒಂದಕ್ಕೊಂದು ತಿಕ್ಕುತ್ತಿರುತ್ತವೆ. ಬಳೆ ತೆಗೆಯಲು ಮನಸ್ಸಿಲ್ಲದವರಿಗೆ ಅಂಚು ಎತ್ತರವಿರುವ ಹಗುರ ಪ್ಲಾಸ್ಟಿಕ್ ವಾಚು ಒಳ್ಳೆಯದು.

5. ನೀರಿನ ಲೆಕ್ಕ

ವಾಚಿನ ಮೇಲೆ 30 ಮೀಟರ್ ಅಂತ ಬರೆದಿದ್ದರೆ ಕಟ್ಟಿಕೊಂಡು ಬಾವಿಗೆ ಹಾರಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಅದು ಅಲುಗದ ನೀರಿನ ಒತ್ತಡದಲ್ಲಿ ಹೊಸ ವಾಚನ್ನು ಪರೀಕ್ಷಿಸಿದ ಲೆಕ್ಕ. ಪ್ರತಿ 10 ಮೀಟರಿಗೆ ಒಂದು ಎಟಿಎಂ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. 30 ಮೀಟರಿನದು ಕೈ ತೊಳೆಯಲು, ಮಳೆಗೆ ಸಾಕು. 50 ಮೀಟರಿನದು ಕಟ್ಟಿಕೊಂಡು ಸ್ನಾನ, ಮೇಲುಮೇಲೆ ಈಜು ಆಗುತ್ತದೆ. ಹೊಲಕ್ಕೆ ನೀರು ಹಾಯಿಸುವವರು, ಘಟಪ್ರಭೆ, ಮಲಪ್ರಭೆ, ಕೃಷ್ಣೆಯ ದಂಡೆಯಲ್ಲಿ ಪಂಪ್ ಇಳಿಸುವವರು 100 ಮೀಟರಿಗಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ಬರೀ "ವಾಟರ್ ರೆಸಿಸ್ಟ್" ಎಂದಿದ್ದು ಅಂಕಿಯೇ ಇಲ್ಲದಿದ್ದರೆ 30 ಮೀಟರ್ ಎಂದೇ ತಿಳಿಯಿರಿ.

ನಮ್ಮ ಕಡೆ ವಾಚಿನೊಳಗೆ ನೀರು ಹೋಗುವುದು ಆಳದಿಂದಲ್ಲ, ಬಿಸಿಲಿನಿಂದ. ಮಧ್ಯಾಹ್ನ ಕಾದ ವಾಚಿನೊಳಗಿನ ಗಾಳಿ ಹಿಗ್ಗಿರುತ್ತದೆ. ಕೈಯನ್ನು ಸೀದಾ ಬಾವಿಯ ತಣ್ಣೀರಿಗೆ ಅದ್ದಿದರೆ ಆ ಗಾಳಿ ತಟ್ಟನೆ ಕುಗ್ಗಿ ಹೊರಗಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಹಿಂಬದಿಯ ರಬ್ಬರ್ ರಿಂಗು ಹಳತಾಗಿದ್ದರೆ ಅದನ್ನು ತಡೆಯಲಾರದು. ಎರಡು ನಿಮಿಷ ನೆರಳಲ್ಲಿ ಕೂತು, ಆಮೇಲೆ ಕೈ ತೊಳೆಯಿರಿ. ನೀರೊಳಗೆ ಗುಂಡಿ ಒತ್ತಬೇಡಿ.

ನೀರು ಹೋಗಿದೆಯೋ ಇಲ್ಲವೋ ಮನೆಯಲ್ಲೇ ತಿಳಿಯಬಹುದು. ಅಂತರರಾಷ್ಟ್ರೀಯ ಗುಣಮಟ್ಟದ ಪರೀಕ್ಷೆಯಲ್ಲೂ ಇಂಥದೇ ಕ್ರಮವಿದೆ. ಅಂಗೈಗೆ ಬೆಚ್ಚಗೆ ಹತ್ತುವಷ್ಟು, 40-45 ಡಿಗ್ರಿಯಷ್ಟು ವಾಚು ಕಾಯಲಿ, ನಮ್ಮ ಬೇಸಿಗೆಯಲ್ಲಿ ಅದಕ್ಕೆ ಒಲೆ ಬೇಕಿಲ್ಲ. ಗ್ಲಾಸಿನ ಮೇಲೆ ಒಂದು ಹನಿ ತಣ್ಣೀರು ಬಿಡಿ. ಒಂದು ನಿಮಿಷ ಬಿಟ್ಟು ಒರೆಸಿ. ಗ್ಲಾಸಿನ ಒಳಗಡೆ ಹನಿಯಿದ್ದ ಜಾಗದಲ್ಲಿ ಮಂಜು ಕಟ್ಟಿದ್ದರೆ ಒಳಗೆ ತೇವ ಹೊಕ್ಕಿದೆ. ಅವತ್ತೇ ರಿಪೇರಿಯವರ ಹತ್ತಿರ ಒಯ್ಯಿರಿ, ನಾಳೆಗೆ ಬಿಟ್ಟರೆ ತುಕ್ಕು ಶುರುವಾಗುತ್ತದೆ.

6. ಬೆಲ್ಟು, ಪಿನ್ನು, ಮೈಲೋಹ

ಕಳೆದುಹೋದ ವಾಚುಗಳಲ್ಲಿ ಹೆಚ್ಚಿನವು ಕಳೆದದ್ದು ಪಿನ್ನಿನಿಂದ. ಬೆಲ್ಟನ್ನು ವಾಚಿಗೆ ಹಿಡಿದಿರುವ ಸ್ಪ್ರಿಂಗ್ ಪಿನ್ನು ತೆಳ್ಳಗಿನ ಕೊಳವೆ, ಎರಡು ತುದಿಗೂ ಸೂಜಿಮೊನೆಯಂಥ ಕಡ್ಡಿ. ಬೆವರಿಗೆ ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಮೇಲೆ ಕಾಣುವುದಿಲ್ಲ. ಕಬ್ಬಿನ ಹೊರೆ ಎತ್ತುವಾಗ ಒಂದು ಪಿನ್ನು ಜಾರಿದರೆ ಸಾಕು, ವಾಚು ರವದಿಯಲ್ಲಿ ಮುಳುಗಿತು. ಆಮೇಲೆ ಹುಡುಕಿದರೆ ಸಿಗುವುದೇ?

ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ಒಂದೇ ತುಂಡಿನ ನೈಲಾನ್ ಬೆಲ್ಟು. ಬ್ರಿಟನ್ನಿನ ಸೇನೆಗೆಂದು 1973ರಲ್ಲಿ ಗೊತ್ತುಮಾಡಿದ ಮಾದರಿ ಅದು, ಈಗ ಎಲ್ಲ ಕಡೆ ಸಿಗುತ್ತದೆ. ಉದ್ದನೆಯ ಪಟ್ಟಿ ಮೇಲಿನ ಪಿನ್ನಿನ ಕೆಳಗೆ ತೂರಿ, ವಾಚಿನ ಬೆನ್ನಿಗೆ ಹಾಯ್ದು, ಕೆಳಗಿನ ಪಿನ್ನಿನಲ್ಲಿ ಹೊರಬರುತ್ತದೆ. ಒಂದು ಪಿನ್ನು ಮುರಿದರೂ ವಾಚು ಇನ್ನೊಂದರಲ್ಲಿ ನೇತಾಡುತ್ತಾ ಕೈಯಲ್ಲೇ ಉಳಿಯುತ್ತದೆ. ಕೊಳ್ಳುವಾಗ ಬೆಲ್ಟು ಕೂರುವ ಜಾಗದ ಅಗಲ 18, 20, 22 ಮಿಲಿಮೀಟರ್ ಯಾವುದೆಂದು ಅಳೆದು ಕೇಳಿ. ಇಂಥ ಬೆಲ್ಟು ಎಲ್ಲ ಪ್ಲಾಸ್ಟಿಕ್ ವಾಚಿಗೂ ಹೊಂದುವುದಿಲ್ಲ, ಕೆಲವಕ್ಕೆ ಅವುಗಳದೇ ಆಕಾರದ ಬೆಲ್ಟು ಬೇಕು. ನೈಲಾನಿನ ದೋಷವೆಂದರೆ ಬೆವರು ಕುಡಿಯುತ್ತದೆ, ವಾರಕ್ಕೆರಡು ಸಲ ಸೋಪು ಹಾಕಿ ತೊಳೆಯಬೇಕು.

ತೊಗಲಿನ ಬೆಲ್ಟು ಒಂದು ಬೇಸಿಗೆಗೆ ಕೊಳೆಯುತ್ತದೆ. ಸಿಲಿಕೋನ್ ಮೆತ್ತಗಿರುತ್ತದೆ, ಆದರೆ ಸಣ್ಣ ಗಾಯ ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಕಂಪನಿಯ ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್) ಬೆಲ್ಟು ಗಟ್ಟಿ. ಬೆವರು, ಬಿಸಿಲಿಗೆ ವರ್ಷಗಳ ಮೇಲೆ ಪೆಡಸಾಗಿ ತೂತಿನ ಹತ್ತಿರ ಸೀಳುತ್ತದೆ. ತಿಂಗಳಿಗೊಮ್ಮೆ ಮಡಚಿ ನೋಡಿ, ಕೂದಲೆಳೆ ಸೀಳು ಕಂಡರೆ ಬದಲಿಸಿ.

ಗೌಂಡಿ ಕೆಲಸದವರೇ, ಸಿಮೆಂಟಿನ ನೀರು ಬಲವಾದ ಕ್ಷಾರ. ಬೆಲ್ಟಿನ ಕೆಳಗೆ ಸೇರಿಕೊಂಡು ಬೆವರಿನ ಜೊತೆ ದಿನವಿಡೀ ಕೂತರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಕಾಂಕ್ರೀಟ್ ಹಾಕುವ ದಿನ ವಾಚು ಬಿಚ್ಚಿಡಿ, ಇಲ್ಲವೇ ಊಟದ ಹೊತ್ತಿಗೊಮ್ಮೆ ಬಿಚ್ಚಿ ಕೈ, ಬೆಲ್ಟು ಎರಡನ್ನೂ ತೊಳೆಯಿರಿ.

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿಗೆ ಮೈಲುತುತ್ತ-ಸುಣ್ಣ ಕಲೆಸಿದ ಬೋರ್ಡೋ ದ್ರಾವಣ, ಗಂಧಕ ಹೊಡೆಯುವವರು ವಾಚಿನ ಬೆನ್ನನ್ನು ತಿರುವಿ ಓದಬೇಕು. ಅಲ್ಲಿ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಿದ್ದರೆ ಸ್ಟೀಲಿರುವುದು ಬೆನ್ನಿಗೆ ಮಾತ್ರ. ಉಳಿದ ಮೈ ಹಿತ್ತಾಳೆಗೋ ಬೇರೆ ಅಗ್ಗದ ಲೋಹಕ್ಕೋ ಹೊಳಪು ಕೊಟ್ಟದ್ದಿರಬಹುದು, ಇಲ್ಲವೇ ಪ್ಲಾಸ್ಟಿಕ್. ಲೇಪ ಕೊಟ್ಟ ಲೋಹವನ್ನು ಮೈಲುತುತ್ತದ ನೀರೂ ಬೆವರೂ ಸೇರಿ ತಿನ್ನುತ್ತವೆ, ಪದರ ಏಳುತ್ತದೆ. ಪೂರ್ತಿ ಸ್ಟೀಲು ತೆಗೆದುಕೊಳ್ಳಿ, ಇಲ್ಲವೇ ಪೂರ್ತಿ ರೆಸಿನ್.

7. ಯಾವ ವಾಚು?

ಎರಡು-ಮೂರು ದಿನದ ಕೂಲಿಯಲ್ಲಿ ಸಿಗುವುದರಲ್ಲಿ ಕ್ಯಾಸಿಯೋ ಎಫ್-91ಡಬ್ಲ್ಯೂ ಹೆಸರಾದದ್ದು. 1989ರಿಂದ ಬರುತ್ತಿದೆ. ತೂಕ 21 ಗ್ರಾಂ, ಸೆಲ್ಲು ಏಳು ವರ್ಷದ ಆಸುಪಾಸು ಬರುತ್ತದೆ. ಕಬ್ಬು ಕಡಿಯುವವರಿಗೆ ಇಷ್ಟು ಹಗುರ, ಚಪ್ಪಟೆ ವಾಚು ಒಳ್ಳೆಯದು, ಎಲೆಗೆ ಸಿಕ್ಕುವುದಿಲ್ಲ. ಆದರೆ ಅದು ಮಳೆ ಹನಿಗಷ್ಟೇ, ಬಾವಿಗಲ್ಲ. ಅದರ ದೀಪವೂ ಮಂದ. ನೀರಿನ ಕೆಲಸವಿದ್ದರೆ ಅದೇ ಕಂಪನಿಯ ಡಬ್ಲ್ಯೂ-800ಎಚ್ ನೋಡಿ, 100 ಮೀಟರ್, ಹತ್ತು ವರ್ಷದ ಸೆಲ್ಲು. ಮುಳ್ಳೇ ಬೇಕು ಎನ್ನುವವರಿಗೆ ಎಂಆರ್‌ಡಬ್ಲ್ಯೂ-200ಎಚ್ ಇದೆ, ಅದೂ 100 ಮೀಟರಿನದು. ಸುತ್ತ ತಿರುಗುವ ಬಳೆಯೊಂದು ಅದಕ್ಕಿದೆ. ಮೋಟರು ಚಾಲೂ ಮಾಡಿದಾಗ ಬಳೆಯ ಸೊನ್ನೆಯನ್ನು ದೊಡ್ಡ ಮುಳ್ಳಿಗೆ ಹೊಂದಿಸಿದರೆ, ನೀರು ಬಿಟ್ಟು ಎಷ್ಟು ನಿಮಿಷವಾಯಿತೆಂದು ಲೆಕ್ಕವಿಲ್ಲದೆ ತಿಳಿಯುತ್ತದೆ. ನಮ್ಮ ಕಾಕಾಗೆ ಕೊಡಿಸಿದ್ದು ಇದನ್ನೇ.

ಡ್ರಿಲ್, ಸುತ್ತಿಗೆಯವರು ಸಾಧ್ಯವಾದರೆ ಇನ್ನಷ್ಟು ದುಡ್ಡು ಕೂಡಿಸಿ ಜಿ-ಶಾಕ್ ಡಿಡಬ್ಲ್ಯೂ-5600 ಬಗೆಯದನ್ನು ತೆಗೆದುಕೊಳ್ಳಿ. ಇದರ ಹುಟ್ಟಿಗೂ ನಮ್ಮಂಥ ಕೆಲಸಕ್ಕೂ ನಂಟಿದೆ. ಕ್ಯಾಸಿಯೋದ ಎಂಜಿನಿಯರ್ ಕಿಕುವೊ ಇಬೆ ಅವರಿಗೆ ಅಪ್ಪ ಕೊಟ್ಟಿದ್ದ ವಾಚು ಕೆಳಗೆ ಬಿದ್ದು ಒಡೆದುಹೋಗಿತ್ತು. ರಸ್ತೆ ಅಗೆಯುವ ಕೂಲಿಗಳ ಕೈಯಲ್ಲಿ ವಾಚೇ ಇಲ್ಲದ್ದನ್ನೂ ಅವರು ಗಮನಿಸಿದ್ದರು. ಸುಮಾರು ಎರಡು ವರ್ಷ, ಸುಮಾರು 200 ಮಾದರಿ ಮಾಡಿ ಒಡೆದು, 1983ರಲ್ಲಿ ಮೊದಲ ಜಿ-ಶಾಕ್ ಹೊರಬಂತು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು ಎಂಬುದು ಅವರು ಇಟ್ಟುಕೊಂಡ ಗುರಿ. ಒಳಗಿನ ಮಿಷಿನ್ ಹೊರಮೈಗೆ ಪೂರ್ತಿ ಅಂಟದೆ ಕೆಲವೇ ಕಡೆ ಆನಿಸಿಕೊಂಡು ಕೂತಿರುತ್ತದೆ, ಹೊರಗಿನ ಏಟು ಅಲ್ಲಿಗೆ ತಲುಪುವುದರೊಳಗೆ ಸತ್ತುಹೋಗುತ್ತದೆ. ಗ್ಲಾಸು ಒಳಕ್ಕಿದೆ, ಗುಂಡಿಗಳೂ ತಗ್ಗಿನಲ್ಲಿವೆ, ನೀರಿಗೆ 200 ಮೀಟರ್.

ಸ್ಮಾರ್ಟ್ ವಾಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಸರು ಕೈಗೆ ಅದರ ಪರದೆ ಮಾತು ಕೇಳುವುದಿಲ್ಲ, ಮೂರು ದಿನಕ್ಕೋ ವಾರಕ್ಕೋ ಚಾರ್ಜ್ ಬೇಡುತ್ತದೆ. ಹೊಲಕ್ಕೆ ಬೇಡ.

ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಎದ್ದು ಮೋಟರು ಹಾಕುವವರು ಅಲಾರಂ, ದೀಪ ಎರಡನ್ನೂ ಅಂಗಡಿಯಲ್ಲೇ ನೋಡಬೇಕು. ಎರಡು ಅಂಗೈ ಬೊಗಸೆಯಲ್ಲಿ ವಾಚು ಮುಚ್ಚಿ ಗುಂಡಿ ಒತ್ತಿ, ಅಂಕಿ ಪೂರ್ತಿ ಕಾಣಬೇಕು. ಅಲಾರಂ ಹಚ್ಚಿ ತಲೆದಿಂಬಿನಷ್ಟು ದೂರ ಹಿಡಿದು ಕೇಳಿ. ಇಂಥ ವಾಚಿನ ಸದ್ದು ಸಣ್ಣದು, ಗಾಢ ನಿದ್ದೆಯವರಿಗೆ ಸಾಲದು.

ನಕಲಿ ಬಹಳ ಇದೆ, ಸಂತೆಯಲ್ಲಿ ಕಾಲುಭಾಗ ದುಡ್ಡಿಗೆ ಜಿ-ಶಾಕ್ ಸಿಕ್ಕರೆ ಅದು ಜಿ-ಶಾಕ್ ಅಲ್ಲ. ಎಫ್-91ಡಬ್ಲ್ಯೂನಲ್ಲಿ ಬಲಗಡೆಯ ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿದರೆ ಕಂಪನಿಯ ಹೆಸರು ಮೂಡುತ್ತದೆ. ಮೂಡದಿದ್ದರೆ ನಕಲಿ. ಮೂಡಿದ ಮಾತ್ರಕ್ಕೆ ಅಸಲಿ ಎನ್ನಲಾಗದು, ಗುಂಡಿಗಳ ಒತ್ತು, ಬೆನ್ನಿನ ಅಕ್ಷರಗಳ ಚೊಕ್ಕತನವನ್ನೂ ನೋಡಿ, ಬಿಲ್ಲು ಕೇಳಿ. ವಾರಂಟಿ ಸಾಮಾನ್ಯವಾಗಿ ಗ್ಲಾಸಿಗೆ, ಬೆಲ್ಟಿಗೆ, ಸೆಲ್ಲಿಗೆ ಬರುವುದಿಲ್ಲ, ನಮಗೆ ಕೆಡುವುದು ಅವೇ.

8. ಕಟ್ಟುವುದು, ಸೆಲ್ಲು ಬದಲಿಸುವುದು, ತೊಳೆಯುವುದು

ಬೆಲ್ಟಿನ ಕೆಳಗೆ ಕಿರುಬೆರಳು ಹೋಗುವಷ್ಟು ಸಡಿಲವಿರಲಿ. ಬಿಗಿದರೆ ಬೆವರುಸಾಲೆ ಏಳುತ್ತದೆ, ತೀರ ಸಡಿಲವಾದರೆ ವಾಚು ಮುಂಗೈ ಮೂಳೆಗೆ ಬಡಿಯುತ್ತದೆ. ಬಟ್ಟೆಪಟ್ಟಿಯ ಹೊರಮಗ್ಗುಲು ಹರಿದಿದ್ದರೆ ವಾಚಿನ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿ. ಕಲ್ಲನ್ನು ತಬ್ಬಿ ಎತ್ತುವವರಿಗೆ ಇದು ತಿರುಗುಮುರುಗು, ಅವರಿಗೆ ಒಳಬದಿಯೇ ಉಜ್ಜುವುದು.

ಸೆಲ್ಲು ಬದಲಿಸುವಾಗ ಎದುರಿಗೇ ನಿಲ್ಲಿ. ಮುಳ್ಳಿನ ವಾಚುಗಳಿಗೆ ಸಾಮಾನ್ಯವಾಗಿ ಬರುವ ಎಸ್‌ಆರ್626 ಸೆಲ್ಲು ಸಿಲ್ವರ್ ಆಕ್ಸೈಡಿನದು. ಅದೇ ಅಳತೆಯ ಎಲ್‌ಆರ್626 ಅಗ್ಗದ ಆಲ್ಕಲೈನ್. ಅದು ಖಾಲಿಯಾದ ಮೇಲೆ ಸೋರಿ ಮಿಷಿನನ್ನೇ ತಿನ್ನುತ್ತದೆ. "ಎಸ್‌ಆರ್‌ದ ಹಾಕ್ರೀ ಅಣ್ಣಾರ" ಅಂತ ಬಾಯಿಬಿಟ್ಟು ಕೇಳಿ. ಹಿಂಬದಿಯ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸು ಸವರಿ, ಅದು ತನ್ನ ತೋಡಿನಲ್ಲಿ ಸರಿಯಾಗಿ ಕೂತ ಮೇಲೆ ಮುಚ್ಚಳ ಹಾಕಲು ಹೇಳಿ. ರಿಂಗು ಒಂದು ಕಡೆ ಮೇಲೆದ್ದು ಮುಚ್ಚಳಕ್ಕೆ ಸಿಕ್ಕಿ ಹಿಸುಕಿದರೆ 100 ಮೀಟರಿನ ವಾಚು ಮಳೆಗೂ ತಾಳುವುದಿಲ್ಲ. ನಿಂತ ವಾಚಿನಲ್ಲಿ ಸತ್ತ ಸೆಲ್ಲನ್ನು ತಿಂಗಳುಗಟ್ಟಲೆ ಬಿಡಬೇಡಿ.

ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ 100 ಮೀಟರಿನ ವಾಚಾದರೆ ಅದಕ್ಕೂ ಒಂದು ಚೊಂಬು ನೀರು ಹಾಕಿ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸ್ವಲ್ಪ ಸೋಪು ಹಚ್ಚಿ ಗುಂಡಿಯ ಸಂದಿ, ಬೆನ್ನು, ಬೆಲ್ಟಿನ ತೂತುಗಳನ್ನು ಮೆಲ್ಲಗೆ ಉಜ್ಜಿ. ನೆರಳಲ್ಲಿ ಒಣಗಿಸಿ.

ಪಿನ್ನುಗಳನ್ನು ಕೆಟ್ಟ ಮೇಲೆ ಬದಲಿಸಲು ಕಾಯಬೇಡಿ, ಅಷ್ಟರೊಳಗೆ ವಾಚೇ ಹೋಗಿರುತ್ತದೆ. ನಮ್ಮ ಮನೆಯಲ್ಲಿ ಖಂಡೆ ಪೂಜೆಯ ದಿನ ಕುಡಗೋಲು, ಹಾರೆ, ಸಲಿಕೆ ಎಲ್ಲ ತೊಳೆದು ಸಾಲಾಗಿ ಇಡುತ್ತೇವೆ, ಕಬ್ಬಿನ ಹಂಗಾಮು ಇನ್ನೇನು ಶುರುವಾಗುವ ಹೊತ್ತು ಅದು. ಹಿಂದಿನ ದಿನವೇ ವಾಚಿನ ಎರಡೂ ಪಿನ್ನು ತೆಗೆದು ಹೊಸವು ಹಾಕುತ್ತೇನೆ, ಬೆರಳಿನಿಂದ ಬೆಲ್ಟನ್ನು ಜಗ್ಗಿ ನೋಡುತ್ತೇನೆ, ಆಮೇಲೆ ಅದನ್ನೂ ಕುಡಗೋಲಿನ ಪಕ್ಕ ಇಟ್ಟು ಕುಂಕುಮ ಹಚ್ಚುತ್ತೇವೆ.